ಗ್ವಾನಾಕ್ ಬೆಟ್ಟದಲ್ಲಿ ಅತ್ತಿಗೆ ನಾದಿನಿ

ಗ್ವಾನಾಕ್ ಬೆಟ್ಟ ಹತ್ತಬೇಕೆಂಬುದು ಮಾಲ್‌ಸುನ್‌ಳ ಹಟ. ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ದಿನ ದೂಡುತ್ತಿದ್ದಾಗ ಆಸ್ಪತ್ರೆಯ ಕಿಟಕಿಯಿಂದ ಅವಳಿಗೆ ಕಾಣುತ್ತಿದ್ದುದು ಆ ಬೆಟ್ಟದ ಬೋಳು ಬಂಡೆಗಳು ಮಾತ್ರ. ಈಗ ಅವಳ ಹೊಟ್ಟೆಯೊಳಗೆ ನಾದಿನಿ ಹ್ವಾಜಾಳ ಕಿಡ್ನಿ ಕೆಲಸ ಮಾಡುತ್ತಿತ್ತು. ಇನ್ನು ಬೆಟ್ಟಗಿಟ್ಟ ಹತ್ತಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ಶರತ್ಕಾಲದಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ಇಬ್ಬರೂ ಹೋಗೋಣವೆಂದು ನಾದಿನಿಗೆ ಫೋನು ಮಾಡಿದಳು. ಹ್ವಾಜಾ ಆಗಲಿ ಎಂದಳು.

ಇಬ್ಬರಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಅತ್ತೆ ತೀರಿಕೊಂಡಾಗ ಅವರು ಸೋಯಾ ಹುದುಗಿಸುತ್ತಿದ್ದ ಭರಣಿಗಳು ಯಾರಿಗೆ ಎಂಬ ವಿಷಯಕ್ಕೆ ಮಾತು ಬೆಳೆದು, ವರ್ಷಗಟ್ಟಲೆ ಮುಖ ನೋಡುವುದನ್ನೇ ಬಿಟ್ಟಿದ್ದರು. ಮಾಲ್‌ಸುನ್‌ಳಿಗೆ ಅವಳ ಸಕ್ಕರೆ ಕಾಯಿಲೆಯ ಗಂಡನ ಕಿಡ್ನಿ ಆಗುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದಾಗ, ಅಂಥ ಹ್ವಾಜಾ ತಾನಾಗಿಯೇ ಬಂದು ನಿಂತಿದ್ದಳು. ಮಾಲ್‌ಸುನ್ ಕೃತಜ್ಞತೆಯ ಮಾತು ಎತ್ತಿದಾಗಲೆಲ್ಲ, ಸೂಪು ಆರಿಹೋಗುತ್ತೆ, ಉಣ್ಣಿ ಎಂದು ಹ್ವಾಜಾ ಬಾಯಿ ಮುಚ್ಚಿಸುತ್ತಿದ್ದಳು. ಇವತ್ತು ಬೆಟ್ಟದ ತುದಿಯಲ್ಲಾದರೂ ಹೇಳಿಯೇ ತೀರಬೇಕೆಂದು ಮಾಲ್‌ಸುನ್ ನಿರ್ಧರಿಸಿ ಬಂದಿದ್ದಳು.

ಕಾಡಿನ ದಾರಿ ಮುಗಿದು ಬಂಡೆ ಶುರುವಾಯಿತು. ಹಿಡಿದು ಹತ್ತಲು ಉಕ್ಕಿನ ಹಗ್ಗ ಬಿಗಿದಿದ್ದ ಕಡಿದಾದ ಬಂಡೆ ಅದು. ಹ್ವಾಜಾ ಮುಂದೆ ಹತ್ತಿದಳು. ಅರ್ಧಕ್ಕೆ ಹೋದವಳು ಕೆಳಗೆ ನೋಡಿ, ಹಗ್ಗಕ್ಕೆ ಜೋತುಬಿದ್ದು ನಿಂತೇಬಿಟ್ಟಳು.

“ಅತ್ತಿಗೆ, ನನ್ ಕೈಲಾಗಲ್ಲ.”

ಹಿಂದೆ ಬರುತ್ತಿದ್ದವರಿಗೆ ಸ್ವಲ್ಪ ನಿಲ್ಲಲು ಹೇಳಿ, ಮಾಲ್‌ಸುನ್ ಅವಳ ಕಾಲಬುಡಕ್ಕೆ ಬಂದಳು. ಪಾದವನ್ನು ಹಿಡಿದು ಬಂಡೆಯ ಗುಳಿಯಲ್ಲಿ ಇಟ್ಟಳು.

“ಕೆಳಗೆ ನೋಡ್ಬೇಡ. ನನ್ ಕೈ ಇದೆಯಲ್ಲ, ಅದ್ರ ಮೇಲೆ ಭಾರ ಹಾಕು.”

“ನಿಮ್ ಹೊಲಿಗೆ ಬಿಚ್ಚಿಹೋದ್ರೆ?”

“ಬಿಚ್ಚಲ್ಲ. ನೀನು ಬೈತಾ ಹತ್ತು, ಧೈರ್ಯ ಬರುತ್ತೆ.”

ಹ್ವಾಜಾ ನಿಜವಾಗಿಯೂ ಬೈಯುತ್ತ ಹತ್ತಿದಳು. ಬೆಟ್ಟವನ್ನು ಬೈದಳು, ಅಣ್ಣನನ್ನು ಬೈದಳು, ಭರಣಿಗಳನ್ನೂ ಬಿಡಲಿಲ್ಲ. ಮೇಲಿನ ಚಪ್ಪಟೆ ಬಂಡೆ ತಲುಪಿದ ಮೇಲೆ ಕುಸಿದು ಕುಳಿತಳು.

ಇಷ್ಟು ಹೆದರಿಕೆ ಇರುವವಳು ಬೆಟ್ಟಕ್ಕೆ ಬರಲು ಯಾಕೆ ಒಪ್ಪಿಕೊಂಡೆ ಎಂದು ಮಾಲ್‌ಸುನ್ ಕೇಳಿದಳು. ಹ್ವಾಜಾ ನೀರಿನ ಬಾಟಲಿ ತೆರೆದು ಒಂದು ಗುಟುಕು ಕುಡಿದಳು.

“ಆಪರೇಷನ್ ದಿನಾನೂ ಹಿಂಗೇ ಆಗಿತ್ತು. ಬೆಳಗ್ಗೆ ಓಡಿಹೋದೆ ಅತ್ತಿಗೆ. ಆಸ್ಪತ್ರೆ ಚಪ್ಪಲೀಲೇ ಬಸ್ ಸ್ಟಾಪಿಗೆ ಹೋಗಿ ಕೂತಿದ್ದೆ. ಬಸ್ ಬಂತು. ಡ್ರೈವರು ಬಾಗಿಲು ತೆಗೆದು ಕಾದ. ನಾನು ಹತ್ತಲಿಲ್ಲ.”

“ಯಾಕೆ?”

“ಗೊತ್ತಿಲ್ಲ. ನೀವು ಒಳಗೆ ಒಬ್ರೇ ಮಲಗಿದೀರ ಅನ್ನಿಸ್ತು.”

ಹ್ವಾಜಾ ಗಟ್ಟಿ ಗುಂಡಿಗೆಯವಳು, ಕಿಡ್ನಿ ಕೊಡುವುದು ಅವಳಿಗೇನು ಕಷ್ಟವಾಗಿರಲಾರದು ಎಂದೇ ಮಾಲ್‌ಸುನ್ ಇಷ್ಟು ದಿನ ಅಂದುಕೊಂಡಿದ್ದಳು. ಮನೆಯಲ್ಲಿ ಹತ್ತು ಸಲ ಹೇಳಿ ಅಭ್ಯಾಸ ಮಾಡಿದ್ದ ಮಾತುಗಳೆಲ್ಲ ಮರೆತುಹೋದವು. ನಾದಿನಿಯ ಎರಡೂ ಕೈ ಹಿಡಿದುಕೊಂಡು ಇಷ್ಟೇ ಹೇಳಿದಳು:

“ಬಸ್ ಹತ್ತದೆ ಇದ್ದಿದ್ದಕ್ಕೆ, ತುಂಬಾ ಉಪಕಾರ ಆಯ್ತು ಕಣೇ.”

ಈ ಸಲ ಹ್ವಾಜಾ ಮಾತು ತಪ್ಪಿಸಲಿಲ್ಲ. ಹೂಂ ಎಂದಳು. ಮೂಗು ಒರೆಸಿಕೊಂಡಳು.

ಇಬ್ಬರೂ ಅಲ್ಲೇ ಕುಳಿತು ಅನ್ನ ಸುತ್ತಿದ ಕಿಂಬಾಪ್ ಸುರುಳಿಗಳನ್ನೂ ಬೇಯಿಸಿದ ಮೊಟ್ಟೆಗಳನ್ನೂ ತಿಂದರು. ತುದಿ ಇನ್ನೂ ದೂರವಿತ್ತು, ನಡುವೆ ಇಂಥವೇ ಬಂಡೆಗಳು. ಹಿಂದುಗಡೆ ಮೆಟ್ಟಿಲ ದಾರಿ ಇದೆಯೆಂದು ಯಾರೋ ತೋರಿಸಿದ್ದರಿಂದ, ತುದಿಯ ಆಸೆ ಬಿಟ್ಟು ಅದರಲ್ಲೇ ಮೆಲ್ಲಗೆ ಇಳಿದರು. ಬೆಟ್ಟದ ಬುಡದ ಅಂಗಡಿಯಲ್ಲಿ ಹ್ವಾಜಾ ಒಂದು ಬಟ್ಟಲು ಅಕ್ಕಿ ಹೆಂಡ ಕುಡಿದಳು. ಮಾಲ್‌ಸುನ್ ಬಾರ್ಲಿ ಚಹಾ ಹೀರುತ್ತ ಬಿಸಿ ತೋಫು ಅವಳ ತಟ್ಟೆಗೆ ಹಾಕಿದಳು.

ಅಷ್ಟರಲ್ಲಿ ಗಂಡನ ಫೋನು ಬಂತು, ತುದಿ ಮುಟ್ಟಿದಿರಾ ಎಂದು.

“ಇಲ್ಲ ಕಣ್ರೀ,” ಎಂದಳು ಮಾಲ್‌ಸುನ್. “ತುಂಬಾ ಚೆನ್ನಾಗಿತ್ತು.”