ಆಲಿಕಲ್ಲು ಬಿದ್ದ ಹೊಲ ಉಳುವ ಮುನ್ನ

ಆ ಊರಿನಲ್ಲಿ ಎಲೆಕೋಸು ಬೆಳೆಯುವ ಒಬ್ಬ ರೈತನಿದ್ದ. ಬದುವಿನ ಮೇಲೆ ಒಂದು ಕಳೆ ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಊರವರು ನೀಟಣ್ಣ ಅಂತ ಹೆಸರಿಟ್ಟಿದ್ದರು. ಅಂಥ ನೀಟಣ್ಣನ ಹೊಲವನ್ನು ಒಂದು ಸಂಜೆಯ ಆಲಿಕಲ್ಲು ಮಳೆ ಚಿಂದಿ ಮಾಡಿ ಹೋಯಿತು ನೋಡಿ! ಕೊಯ್ಲಿಗೆ ಬಂದ ಕೋಸೆಲ್ಲ ಒಡೆದು ಕೆಸರಿನಲ್ಲಿ ಬಿತ್ತು. ಹೊಲವೋ ರಸ್ತೆ ಪಕ್ಕದಲ್ಲೇ. ಹೋಗುವವರು ಬರುವವರೆಲ್ಲ ನಿಂತು ನೋಡಿ "ಅಯ್ಯೋ ಪಾಪ" ಅನ್ನತೊಡಗಿದರು. ನೀಟಣ್ಣನಿಗೆ ತಲೆ ಎತ್ತಲಾಗಲಿಲ್ಲ. ಎಲ್ಲವನ್ನೂ ಉತ್ತು ಮಣ್ಣಿಗೆ ಸೇರಿಸಿಬಿಡೋಣ ಎಂದು ಬೆಳಿಗ್ಗೆಯೇ ಬಾಡಿಗೆ ಟ್ರ್ಯಾಕ್ಟರ್ ಕರೆಸಿದ.

ಟ್ರ್ಯಾಕ್ಟರ್ ಒಂದು ಸಾಲು ಉತ್ತಿತ್ತೋ ಇಲ್ಲವೋ, ಪಕ್ಕದ ಹೊಲದ ಅಕ್ಕ ಹಾಲಿನ ಕ್ಯಾನನ್ನು ಬದುವಿನ ಮೇಲೆ ಕುಕ್ಕಿ ಓಡಿ ಬಂದು ಅಡ್ಡ ನಿಂತಳು.

"ಏಯ್, ನಿಲ್ಲಿಸಪ್ಪಾ! ನೀಟಣ್ಣ, ನಿನಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿರೋದು ಬೆಳೆ ಅಕ್ಕಾ, ತಲೆ ಅಲ್ಲ. ದಾರಿ ಬಿಡು."

"ಬೆಳೆ ಹಾಳಾದ್ರೆ ಸರ್ಕಾರದಿಂದ ಪರಿಹಾರ ಇದೆ ಕಣೋ. ಆದ್ರೆ ಅವರು ಬಂದು ಕಣ್ಣಾರೆ ನೋಡ್ಬೇಕು. ನೀನು ಉತ್ತುಬಿಟ್ರೆ ಏನು ನೋಡ್ತಾರೆ, ಬರೀ ಮಣ್ಣಾ?"

"ಅವರು ಬರೋಷ್ಟರಲ್ಲಿ ನನ್ನ ಮೊಮ್ಮಕ್ಕಳಿಗೆ ಗಡ್ಡ ಬಂದಿರುತ್ತೆ."

"ಮಗಳಿಗಿನ್ನೂ ಹಾಲುಹಲ್ಲು ಬಿದ್ದಿಲ್ಲ, ಮೊಮ್ಮಕ್ಕಳ ಗಡ್ಡದ ಮಾತಾಡ್ತೀಯಾ!"

ಟ್ರ್ಯಾಕ್ಟರ್‌ನವನೂ ನಕ್ಕುಬಿಟ್ಟ. ಬದುವಿನ ಮೇಲೆ ನಿಂತಿದ್ದ ನೀಟಣ್ಣನ ಹೆಂಡತಿ ಮಾತ್ರ ನಗಲಿಲ್ಲ.

"ಮುಂದಿನ ಬಿತ್ತನೆಗೆ ಈ ಕೋಸನ್ನೇ ನಂಬಿದ್ವಿ. ಬೀಜ ತರೋಕೆ ಗತಿ ಇಲ್ದೆ ಹೊಲ ಬೀಳು ಬಿಡೋಣ್ವಾ? ಅಕ್ಕ ಹೇಳೋದು ಸ್ವಲ್ಪ ಕೇಳ್ರೀ," ಎಂದಳು. ನೀಟಣ್ಣ ತೆಪ್ಪಗೆ ಟ್ರ್ಯಾಕ್ಟರ್ ವಾಪಸ್ ಕಳಿಸಿದ.

ಅಕ್ಕ ಅವನ ಮೊಬೈಲಿನಲ್ಲೇ ದೂರದಿಂದ, ಹತ್ತಿರದಿಂದ ಫೋಟೋ ತೆಗೆಸಿದಳು. "ಉತ್ತಿರೋ ಸಾಲನ್ನೂ ತೆಗಿ, ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳು," ಎಂದಳು. ಅಂದೇ ಗಂಡ ಹೆಂಡತಿ ಜಮೀನಿನ ಕಾಗದ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಕೃಷಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದರು.

ಆಮೇಲಿನದ್ದೇ ಫಜೀತಿ. ಕೋಸು ಕೊಳೆತು ವಾಸನೆ ಮನೆ ಬಾಗಿಲಿಗೆ ಬಂತು. ನೀಟಣ್ಣನ ಕೈ ಸುಮ್ಮನಿರಬೇಕಲ್ಲ!

"ಒಂದೇ ಒಂದು ಮೂಲೆ ಚೊಕ್ಕ ಮಾಡಿಬಿಡ್ತೀನಿ ಕಣೇ."

"ಅಷ್ಟು ಆಸೆ ಇದ್ರೆ ಅಂಗಳ ಗುಡಿಸಿ," ಎಂದು ಹೆಂಡತಿ ಪೊರಕೆ ಕೈಗೆ ಕೊಟ್ಟಳು. ಪಾಪ, ದಿನವೂ ಗುಡಿಸಿದ.

ಕೊನೆಗೂ ಅಧಿಕಾರಿ ಬಂದರು, ಮೊಣಕಾಲುದ್ದದ ಬೂಟು ಹಾಕಿಕೊಂಡ ಹೆಣ್ಣುಮಗಳು. ಹೊಲವನ್ನು ಯಾರೂ ನೋಡಬಾರದು ಎನ್ನುತ್ತಿದ್ದವನೇ ಈಗ "ಇಲ್ಲಿ ನೋಡಿ ಮೇಡಂ, ಆ ಮೂಲೇಲೂ ನೋಡಿ" ಎಂದು ಕೆಸರಿನಲ್ಲೆಲ್ಲ ಸುತ್ತಾಡಿಸಿದ.

"ಹೀಗೇ ಬಿಟ್ಟಿದ್ದು ಒಳ್ಳೇದಾಯ್ತು," ಎಂದರು ಅಧಿಕಾರಿ. "ಬೆಳಿಗ್ಗೆ ನೋಡಿದ ಹೊಲದವರು ಪೂರ್ತಿ ಉತ್ತುಬಿಟ್ಟಿದ್ರು. ಏನಂತ ಬರೀಲಿ ಹೇಳಿ? ನಿಮ್ಮದಾಯ್ತು, ಇನ್ನು ಉಳಬಹುದು."

ಬಿತ್ತನೆಗೆ ಮುಂಚೆಯೇ ಪರಿಹಾರ ಖಾತೆಗೆ ಬಂತು. ಹೋದ ಬೆಳೆಯೆಲ್ಲ ತುಂಬಿ ಬರಲಿಲ್ಲ, ನಿಜ. ಆದರೆ ಬೀಜಕ್ಕೆ, ಗೊಬ್ಬರಕ್ಕೆ ಸಾಕಾಯಿತು. ಬೀಜದ ಚೀಲ ಮನೆಯೊಳಗೆ ಇಳಿಸಿದಾಗ ಹೆಂಡತಿ ಅದರ ಮೇಲೆ ಕೈಯಿಟ್ಟು "ಅಬ್ಬಾ!" ಎಂದು ಉಸಿರು ಬಿಟ್ಟಳು. ಆ ರಾತ್ರಿ ಇಬ್ಬರೂ ಕಣ್ತುಂಬ ನಿದ್ದೆ ಮಾಡಿದರು.

ಅಣ್ಣಂದಿರೇ, ಅಕ್ಕಂದಿರೇ, ಮಳೆ ಗಾಳಿ ಬೆಳೆ ಕೆಡಿಸಿದರೆ ಅದು ನಿಮ್ಮ ತಪ್ಪಲ್ಲ, ನಾಚಿಕೆ ಯಾಕೆ? ಮೊದಲು ಫೋಟೋ ತೆಗೆಯಿರಿ. ತಡ ಮಾಡದೆ ಹತ್ತಿರದ ಕಚೇರಿಗೆ ತಿಳಿಸಿ, ಅರ್ಜಿಗೆ ಕೊನೆಯ ದಿನ ಯಾವುದೆಂದು ಅಲ್ಲೇ ಕೇಳಿಕೊಳ್ಳಿ. ಅವರು ಬಂದು ನೋಡುವವರೆಗೆ ಹೊಲ ಮುಟ್ಟಬೇಡಿ. ಪಕ್ಕದವರು ಅವಸರಪಟ್ಟು ಉಳಲು ಹೊರಟರೆ ನೋಡುತ್ತಾ ನಿಲ್ಲಬೇಡಿ. ಓಡಿ ಹೋಗಿ ತಡೆಯಿರಿ. ಬೈದರೆ ಬೈಯಲಿ, ಮುಂದಿನ ಬೆಳೆ ಬಂದಾಗ ಅವರೇ ನಿಮ್ಮನ್ನು ನೆನೆಯುತ್ತಾರೆ.