ಖಾಲಿ ಚಾನಲ್

ಕೋಲ್ಡ್ ರೂಮಿನ ಹೊರಗೋಡೆಗೆ ಬಿಗಿದಿದ್ದ ಮೀಟರು ಸುಳ್ಳು ಹೇಳುತ್ತಿತ್ತು. ಒಳಗೆ ಗುಲಾಬಿ ಕಟ್ಟುಗಳು ಬಕೆಟ್ ನೀರಿನಲ್ಲಿ ತಣ್ಣಗೆ ನಿಂತಿದ್ದವು. ಹಿಂದಿನ ಸಾಲಿನಲ್ಲಿ ತೂಗುಹಾಕಿದ್ದ ಹಳೆಯ ಥರ್ಮಾಮೀಟರು ಮೂರು ಡಿಗ್ರಿ ತೋರಿಸುತ್ತಿತ್ತು. ಅದೇ ಜಾಗಕ್ಕೆ ಮೀಟರು ಆರು ಅನ್ನುತ್ತಿತ್ತು, ಮರುಗಳಿಗೆಗೆ ಎಂಟು. ಕಂಪ್ರೆಸರ್ ಗುರ್ರೆಂದು ಶುರುವಾದರೆ ಹನ್ನೊಂದು.

"ಏನಮ್ಮ, ನಿಮ್ ಮೀಟ್ರಿಗೆ ಜ್ವರ ಬಂದೈತಾ?" ಎಂದ ತೋಟದ ಚಿಕ್ಕಮುನಿಯಪ್ಪ.

ಮೀಟರು ಮಾಡಿದ ಕಂಪನಿಯಿಂದ ಬಂದಿದ್ದ ಭಾಗ್ಯಲಕ್ಷ್ಮಿ ಅಂಕಿಗಳಿಂದ ಕಣ್ಣು ತೆಗೆಯಲಿಲ್ಲ. ತಮಾಷೆಗೆ ತಕ್ಷಣ ಮಾತು ಹೊಳೆಯುವ ಜಾಯಮಾನ ಅವಳದಲ್ಲ. ಅಲ್ಲದೆ ಹೊಸೂರಿನಿಂದ ಈ ತಳಿ ಊರಿಗೆ ಬರುವ ಬಸ್ಸಿನಲ್ಲಿ ಇದ್ದಾಗಲೇ ಕಂಪನಿಯ ಮಾಲೀಕರಾದ ಮೂರ್ತಿಯವರು ಫೋನಿನಲ್ಲಿ ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದರು. "ಇವತ್ತು ಸರಿಹೋದ್ರೆ ನಿನ್ ಬೋರ್ಡು. ಇಲ್ಲಾಂದ್ರೆ ಹೊರಗಡೆಯಿಂದ ರೆಡಿಮೇಡ್ ತಂದು ಡಬ್ಬಿಯೊಳಗೆ ಕೂರಿಸ್ಬುಡಾನ. ಗಿರಾಕಿಗಳು ಕಾಯಲ್ಲಮ್ಮ."

ಮೀಟರಿನ ಡಬ್ಬಿ, ಪರದೆ, ಗುಂಡಿಗಳು ಎಲ್ಲವೂ ಕಂಪನಿಯವು. ಅವಳದು ಅಂತ ಇದ್ದದ್ದು ಒಳಬಾಗಿಲು ಮಾತ್ರ. ಕೋಣೆಯ ತಂಪು ಅಳೆಯುವ ಪ್ರೋಬಿನ ತಂತಿ ಬಂದು ಸೇರುವ ಜಾಗದಿಂದ ಹಿಡಿದು, ಆ ತಂತಿ ತರುವ ಅಣುವಿನಷ್ಟು ವೋಲ್ಟೇಜನ್ನು ಗದ್ದಲದಿಂದ ಬೇರ್ಪಡಿಸಿ, ಹಿಗ್ಗಿಸಿ, ಅಂಕಿಯಾಗುವ ಚಿಪ್ಪಿಗೆ ಒಪ್ಪಿಸುವತನಕದ ಸರ್ಕ್ಯೂಟು ಬೋರ್ಡು. ಕಾಲೇಜು ಮುಗಿಸಿ ಬಂದಾಗಿನಿಂದ ಟೆಸ್ಟಿಂಗ್ ಮೇಜಿನಲ್ಲಿ ಬೇರೆಯವರ ಬೋರ್ಡುಗಳಿಗೆ ಪಾಸ್ ಎಂದು ಹಸಿರು ಚೀಟಿ ಅಂಟಿಸುತ್ತ ಕೂತವಳಿಗೆ ಸಿಕ್ಕ ಮೊದಲ ಸ್ವಂತ ಕೆಲಸ ಅದು. ರೆಡಿಮೇಡ್ ಬಂತೆಂದರೆ ಮತ್ತೆ ಅದೇ ಮೇಜು, ಅದೇ ಚೀಟಿ.

ಅವಳು ಸಾನಮಾವು ಕಾಡಂಚಿನ ಊರಿನವಳು. ರಾಗಿ ಹೊಲದ ಬದಿಯಲ್ಲಿ ಆನೆ ಬಂದ ಸಂಜೆಗಳಲ್ಲಿ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿರುತ್ತಿದ್ದುದನ್ನು ಚಿಕ್ಕಂದಿನಿಂದ ಕಂಡಿದ್ದಳು. ಆ ಮೌನದಲ್ಲಿ ಕೊಂಬೆ ಮುರಿದದ್ದು, ಎಲೆ ಸರಿದದ್ದು ಎಲ್ಲ ಕೇಳುತ್ತಿತ್ತು. ಪ್ರೋಬಿನ ಸಿಗ್ನಲ್ ಕೇಳಬೇಕಾದರೂ ಅಂಥ ಮೌನವೇ ಬೇಕು ಎಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೋರ್ಡಿನಲ್ಲಿ ಅದಕ್ಕಾಗಿಯೇ ಎಷ್ಟೋ ವಾರ ಹೆಣಗಿದ್ದಳು. ಹೊಸೂರಿನ ಮೇಜಿನ ಮೇಲೆ ಪ್ರೋಬ್ ಸೇರುವ ಎಂಟು ದಾರಿ, ಎಂದರೆ ಎಂಟು ಚಾನಲ್ಲಿಗೂ ಪ್ರೋಬ್ ಸಿಕ್ಕಿಸಿ ನೋಡಿದಾಗ ಒಂದು ಅಂಕಿಯೂ ಅಲುಗಾಡಿರಲಿಲ್ಲ.

"ಅಕ್ಕ, ಮುಚ್ಚಳ ತೆಗಿ" ಎಂದಳು ಸೆಲ್ವಿಗೆ.

ಸೆಲ್ವಿ ವೈರಿಂಗ್ ಮಾಡುವವಳು. ವಯಸ್ಸಿನಲ್ಲಿ ದೊಡ್ಡವಳು, ಆಲಸನತ್ತಂನಲ್ಲಿ ಮನೆ. ಮನೆಮಾತು ತಮಿಳಾದರೂ ಕನ್ನಡ, ತೆಲುಗು ಎರಡರಲ್ಲೂ ಜಗಳ ಆಡಬಲ್ಲವಳು. ಹೋದ ವಾರ ಈ ಮೀಟರನ್ನು ಇಲ್ಲಿ ಕೂರಿಸಿದ್ದು ಅವಳೇ. ಮುಚ್ಚಳ ಬಿಚ್ಚಿದಾಗ ಎಂಟು ಜೋಡಿ ಟರ್ಮಿನಲ್ ಸಾಲಾಗಿ ಕಂಡವು. ಮೊದಲ ಮೂರಕ್ಕೆ ಪ್ರೋಬಿನ ತಂತಿ. ಉಳಿದ ಐದರಲ್ಲಿ ಏನೂ ಇಲ್ಲ.

ಭಾಗ್ಯ ಆ ಐದರ ಮೇಲೆ ಬೆರಳಿಟ್ಟು ತೋರಿಸಿದಳು.

"ಇದ್ಯಾಕಕ್ಕ ಇವು ಹಿಂಗವೆ? ಉಳಿದಿದ್ದು ಸುಮ್ನಿರ್ಲಿ ಅಂತ ಹೇಳಿದ್ನಲ್ಲ."

"ಸುಮ್ನೇ ತಾನೇ ಅವೆ? ಒಂದು ಸ್ಕ್ರೂನೂ ಮುಟ್ಟಿಲ್ಲ ನಾನು. ನಮ್ಮಲ್ಲಿ ಸುಮ್ಮಾ ಇರುಕ್ಕಟ್ಟುಂ ಅಂದ್ರೆ ಕೈ ಹಾಕ್ಬೇಡ, ಅದರ ಪಾಡಿಗೆ ಬಿಡು ಅಂತ."

"ನಾನಂದಿದ್ದು ಸದ್ದು ಮಾಡ್ದಂಗೆ ಸುಮ್ನಿರ್ಸು ಅಂತ. ಎರಡು ಕಾಲಿಗೂ ಒಂದು ತಂತಿ ತುಂಡು ಹಾಕಿ ಸೇರಿಸ್ಬೇಕಿತ್ತು."

"ಹಂಗಂತ ಹೇಳ್ಬೇಕಲ್ಲಮ್ಮ. ನೀನು ಬಾಯ್ ಬಿಡೋದೇ ಅಪರೂಪ. ಬಿಟ್ರೂ ಒಂದೇ ಮಾತು, ಅದ್ರಲ್ಲೂ ಅರ್ಧ ಹೊಟ್ಟೇಲೇ ಇರ್ತದೆ."

ಚಿಕ್ಕಮುನಿಯಪ್ಪ ನಕ್ಕ. "ನಮ್ಮ ಮನೇಲೂ ಇದೇ ಜಗಳ ಕಣಮ್ಮ. ಸುಮ್ನಿರು ಅಂದ್ರೆ ಅವ್ಳು ಕೆಲ್ಸಾನೇ ಬುಟ್ಟು ಕೂತ್ಕೋತಾಳೆ."

ಭಾಗ್ಯಳಿಗೂ ನಗು ಬಂತು, ಆದರೆ ತಲೆ ಆಗಲೇ ಬೇರೆಲ್ಲೋ ಓಡುತ್ತಿತ್ತು. ಏನೂ ಸಿಕ್ಕಿಸದ ಚಾನಲ್ ಮೌನವಾಗಿರುವುದಿಲ್ಲ. ಅದಕ್ಕೆ ನೆಲೆಯಿಲ್ಲ, ಹಾಗಾಗಿ ಕಂಪ್ರೆಸರಿನ ಗುರುಗುಟ್ಟುವಿಕೆ, ಟ್ಯೂಬ್‌ಲೈಟಿನ ಝೇಂಕಾರ, ಎಲ್ಲವನ್ನೂ ಮೈಗೆ ಎಳೆದುಕೊಳ್ಳುತ್ತದೆ. ಮೀಟರು ಒಂದೊಂದೇ ಚಾನಲ್ಲಿನ ಬಾಗಿಲು ತಟ್ಟಿ ಓದುತ್ತ ಹೋಗುತ್ತದೆ. ಎಂಟನೆಯದರಲ್ಲಿ ಹಿಗ್ಗಾಮುಗ್ಗಾ ಏರಿದ ವೋಲ್ಟೇಜು ಇಳಿಯುವ ಮೊದಲೇ ಮೀಟರು ಸುತ್ತಿ ಒಂದನೆಯದಕ್ಕೆ ಬರುತ್ತದೆ, ಆ ಉಳಿಕೆ ಅದರ ಅಂಕಿಗೆ ಸೇರಿಕೊಳ್ಳುತ್ತದೆ. ಒಂದನೆಯದೇ ಹಿಂದಿನ ಸಾಲಿನ ಪ್ರೋಬು. ಎರಡು, ಮೂರು ಸರಿಯಾಗಿದ್ದು ಅದೊಂದೇ ಸುಳ್ಳು ಹೇಳಲು ಕಾರಣ ಅದು.

ಸೆಲ್ವಿ ತಂತಿ ತುಂಡುಗಳನ್ನು ಕತ್ತರಿಸಿ ಐದು ಜೋಡಿಗೂ ಬಿಗಿದಳು. ಮೀಟರು ಮೂರಕ್ಕೆ ಇಳಿದು ನಿಂತಿತು. ಕಂಪ್ರೆಸರ್ ಶುರುವಾಯಿತು. ಆಗಲೂ ಮೂರು.

"ಜ್ವರ ಇಳೀತು" ಎಂದು ಚಿಕ್ಕಮುನಿಯಪ್ಪ ಟೀ ತರಿಸಲು ಹೋದ.

ಭಾಗ್ಯ ಮೂರ್ತಿಯವರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

"ಭೇಷ್. ಹಂಗಾರೆ ಉಳಿದ ಮೀಟ್ರುಗಳಿಗೂ ಹಂಗೇ ತಂತಿ ಹಾಕಿಸಿ ನಾಳೆ ಕಳಿಸ್ಬುಡಾನ. ನಿನ್ ಬೋರ್ಡೇ ಇರ್ಲಿ."

ಇಲ್ಲಿಗೆ "ಸರಿ ಸಾರ್" ಎಂದು ಫೋನು ಇಡಬಹುದಿತ್ತು. ಅವಳ ಕಣ್ಣು ತಂತಿಯ ತುಂಡುಗಳ ಮೇಲಿತ್ತು.

"ಸಾರ್, ಕಳಿಸೋದು ಬೇಡ."

"ಯಾಕಮ್ಮ?"

"ಈಗ ಸೆಲ್ವಕ್ಕ ತಂತಿ ಹಾಕ್ತಾರೆ. ಆಮೇಲೆ ತೋಟದೋರು ಕೆಟ್ಟ ಪ್ರೋಬ್ ಒಂದು ಕಿತ್ತು ಪಕ್ಕಕ್ಕಿಡ್ತಾರೆ. ಆಗ ಆ ಚಾನಲ್ ಖಾಲಿಯಾಗ್ತದೆ, ಅದರ ಮುಂದಿನದು ತಪ್ಪು ತೋರಿಸ್ತದೆ. ಯಾರ್ಗೂ ಗೊತ್ತಾಗಲ್ಲ. ನಾನು ಖಾಲಿ ಬಿಟ್ಟು ಒಂದ್ಸಲಾನೂ ನೋಡಿರ್ಲಿಲ್ಲ ಸಾರ್. ಬೋರ್ಡಲ್ಲೇ ಅದಕ್ಕೊಂದು ನೆಲೆ ಕೊಡ್ಬೇಕು. ಬೋರ್ಡು ಹೊಸದಾಗಿ ಮಾಡ್ಬೇಕು."

ಆ ಕಡೆ ಮೂರ್ತಿಯವರ ಹಿಂದೆ ಡ್ರಿಲ್ಲಿಂಗ್ ಮಷೀನಿನ ಸದ್ದು ಕೇಳುತ್ತಿತ್ತು.

"ಹಂಗಾದ್ರೆ ಈ ಸಲಕ್ಕೆ ರೆಡಿಮೇಡೇ. ನಿಂದು ಆಮೇಲೆ ನೋಡಾನ" ಎಂದರು ಕೊನೆಗೆ. ಸಿಟ್ಟಿರಲಿಲ್ಲ. ಆದರೆ ಅವರ ಆಮೇಲೆ ಎಂಬುದು ಎಷ್ಟು ದೂರ ಎಂದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಸರಿ ಸಾರ್."

ಸೆಲ್ವಿ ತಲೆಯಾಡಿಸಿದಳು. "ಮಾತಾಡ್ಬೇಕಾದಾಗ ಆಡಲ್ಲ, ಬೇಡದಾಗ ಆಡ್ತೀಯ" ಎಂದು ಗೊಣಗಿ ಸ್ಕ್ರೂಡ್ರೈವರ್ ಎತ್ತಿಕೊಂಡು ಗೋಡೆಯ ಮೀಟರನ್ನು ಬಿಚ್ಚತೊಡಗಿದಳು.

ಟೀ ಹಿಡಿದು ಬಂದ ಚಿಕ್ಕಮುನಿಯಪ್ಪ ಅಡ್ಡ ನಿಂತ. "ಇದ್ಯಾಕ್ ಕೀಳ್ತಿದೀರಿ?"

"ಬೇರೆದು ತಂದು ಹಾಕ್ತೀವಣ್ಣ. ಇದ್ರಲ್ಲಿ ಒಂದು ದೋಷ ಐತೆ" ಎಂದಳು ಭಾಗ್ಯ.

"ಯಾವ ದೋಸ? ಖಾಲಿ ಬುಟ್ರೆ ಬಡಬಡಿಸ್ತದೆ, ಅಷ್ಟೇ ತಾನೆ? ಇದು ಎಲ್ಲಿ ತಪ್ತದೆ ಅಂತ ನಂಗೆ ಗೊತ್ತಾಗೈತೆ. ಹೊಸದು ಎಲ್ಲಿ ತಪ್ತದೋ ಅದನ್ನ ಕಂಡ್ಕಳಕ್ಕೆ ಇನ್ನೆಷ್ಟು ಹೂವು ಬಾಡಿಸ್ಲಿ? ಇದು ಇಲ್ಲೇ ಇರ್ಲಿ."

ಸೆಲ್ವಿ ಭಾಗ್ಯಳ ಮುಖ ನೋಡಿದಳು. ಭಾಗ್ಯ ಅವನು ಕೊಟ್ಟ ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹೊಸೂರಿನ ಮೇಜಿನ ಮೇಲೆ ಕಂಪ್ರೆಸರ್ ಇಲ್ಲ, ಈ ಉದ್ದದ ತಂತಿಗಳಿಲ್ಲ; ಬೋರ್ಡಿನ ತಪ್ಪು ಕಾಣುವುದು ಇಲ್ಲೇ.

"ಇರ್ಲಿ. ಆದ್ರೆ ನಾನು ಆಗಾಗ ಬಂದು ಇದನ್ನ ಕೆಡಿಸಿ ನೋಡ್ತೀನಿ. ಪರ್ವಾಗಿಲ್ವಾ?"

"ಬಾ. ಸ್ವೆಟರ್ ತಕಂಡ್ ಬಾ" ಎಂದ ಅವನು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಭಾಗ್ಯ ಎಂಟನೆಯ ಜೋಡಿಯ ತಂತಿ ತುಂಡನ್ನು ಬಿಚ್ಚಿದಳು. ಮೀಟರು ಮತ್ತೆ ಏಳಕ್ಕೆ ಹಾರಿತು. ಸೆಲ್ವಿಯ ಪೆಟ್ಟಿಗೆಯಿಂದ ಖಾಲಿ ಚಾನಲ್ಲಿಗೆ ನೆಲೆ ಕೊಡಬಲ್ಲ ಒಂದು ರೆಸಿಸ್ಟರ್ ಆರಿಸಿ ಆ ಕಾಲುಗಳಿಗೆ ಹಿಡಿದಳು. ಐದು. ಅದಕ್ಕಿಂತ ಸಣ್ಣದೊಂದನ್ನು ಹುಡುಕಿದಳು.

"ಅಕ್ಕ, ಒಳಗೋಗಿ ಥರ್ಮಾಮೀಟರ್ ನೋಡಿ ಕೂಗು."

ಸೆಲ್ವಿ ಸೆರಗನ್ನು ಕಿವಿಗೆ ಸುತ್ತಿಕೊಂಡು, ಬೈಯುತ್ತಲೇ ಗುಲಾಬಿಗಳ ನಡುವೆ ಹೋದಳು.