ಅಪ್ಪನ ಕಾರಿನ ಬಿಸಿಗಾಳಿ

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯನಿಗೆ ಒಂದು ಉದ್ಯೋಗ ಹುಡುಕಿ ಕೊಡಿ ಎಂದರೆ ಯಾರಾದರೂ ಮೀಟರ್ ಓದುವ ಕೆಲಸವನ್ನೇ ಹುಡುಕಿ ಕೊಟ್ಟಾರು. ಮೂವತ್ತೊಂದು ವರ್ಷ ಮನೆ ಮನೆಯ ಮೆಟ್ಟಿಲು ಹತ್ತಿಳಿದು ಕರೆಂಟಿನ ಮೀಟರ್ ಓದಿದವನು ಅವನು. ನಿವೃತ್ತನಾಗಿ ಎರಡು ವರ್ಷವಾದರೂ ಬೀದಿಯವರಿಗೆ ಅವನು ಮೀಟರಣ್ಣನೇ, ಅಕ್ಕನ ಮಗಳಿಗೆ ಮೀಟರ್ ಮಾಮನೇ. ಇಷ್ಟು ವರ್ಷ ಕರೆಂಟನ್ನು ಓದಿದ ಮೇಲೆ ತನಗೆ ಕರೆಂಟು ಗೊತ್ತು ಎಂಬುದು ಅವನ ನಂಬಿಕೆ. ಪೋಸ್ಟ್‌ಮನ್ ಆದವನಿಗೆ ಊರವರ ಕಾಗದದೊಳಗಿನ ಸುದ್ದಿಯೆಲ್ಲ ಗೊತ್ತು ಎಂದ ಹಾಗೆ. ಅಕ್ಕನಿಗೆ ಆ ನಂಬಿಕೆ ಇರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವವರ ಪೈಕಿಯೂ ಅವಳಲ್ಲ.

ಆ ಶನಿವಾರ ಮಧ್ಯಾಹ್ನ ಅವನು ಅಪ್ಪನ ಹಳೇ ಕಾರಿನ ಮುಂದಿನ ಸೀಟಿನ ಬುಡದಲ್ಲಿ ಅಂಗಾತ ಮಲಗಿದ್ದ. ತಲೆ ಡ್ಯಾಶ್‌ಬೋರ್ಡಿನ ಅಡಿ, ಕಾಲು ಬಾಗಿಲಿನಾಚೆ ಅಂಗಳದಲ್ಲಿ. ಮಲಗಿದ್ದರೂ ಕಾಲು ಸುಮ್ಮನಿರಲಿಲ್ಲ. ಒಂದು ಪಾದ ಇನ್ನೊಂದನ್ನು ಉಜ್ಜುತ್ತ, ಒದೆಯುತ್ತ, ತಾಳ ಹಾಕುತ್ತ ಇತ್ತು. ಹೀಟರಿಗೆ ಹೊಸ ಫ್ಯಾನು ಹಾಕಿ ಇವತ್ತಿಗೆ ಮೂರು ವಾರ. ಫ್ಯಾನು ತಿರುಗುತ್ತದೆ, ಬೀದಿಯ ಕೊನೆಯವರೆಗೂ ಕೇಳುವಷ್ಟು ಸದ್ದು ಮಾಡುತ್ತದೆ. ಗಾಳಿ ಮಾತ್ರ ಬರುವುದಿಲ್ಲ.

ಈ ಫ್ಯಾನಿನ ಹಿಂದೆ ದೊಡ್ಡ ಕಥೆಯೇನೂ ಇಲ್ಲ, ಅಕ್ಕನ ಹತ್ತು ಬೆರಳು ಇವೆ. ಅಕ್ಕ ನಲವತ್ತು ವರ್ಷ ಬಟ್ಟೆ ಹೊಲಿದವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಸಮೇತ ತಮ್ಮನ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ತಮ್ಮನಿಗೆ ಮದುವೆಯೂ ಇಲ್ಲ ಮಕ್ಕಳೂ ಇಲ್ಲ. ಹುಡುಗಿ ನೋಡಲು ಹೋದಲ್ಲೂ ಐದು ನಿಮಿಷ ಕುರ್ಚಿಯಲ್ಲಿ ಕೂರದವನನ್ನು ಯಾರು ಒಪ್ಪಿಯಾರು ಎಂದು ಅಕ್ಕ ಈಗಲೂ ನಗುತ್ತಾಳೆ. ಎರಡು ಚಳಿಗಾಲದಿಂದ ಅವಳ ಬೆರಳಿಗೆ ಏನೋ ಆಗಿದೆ. ಸ್ವಲ್ಪ ತಣ್ಣಗಾದರೆ ಸಾಕು, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಮರಗಟ್ಟುತ್ತವೆ. ಈ ಸಲ ಎರಡು ಬೆರಳ ತುದಿ ಒಡೆದು ಹುಣ್ಣಾಗಿತ್ತು. ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. "ಈ ಊರಿನ ಚಳಿ ನಿಮಗಲ್ಲ. ಬೆರಳು ಬೇಕು ಅಂದ್ರೆ ಗುಡ್ಡ ಇಳೀರಿ" ಎಂದರು. ಗುಡ್ಡದಾಚೆ, ಬೆಚ್ಚಗಿನ ಊರಿನಲ್ಲಿ ಮಗಳಿದ್ದಳು. ಅವಳು ಅಂದೇ ಕೋಣೆ ಖಾಲಿ ಮಾಡಿಸಿ, ಮರುದಿನವೇ ಬಂದು ಕರೆದೊಯ್ಯುತ್ತೇನೆ ಎಂದಳು.

ಆಗ ಅಕ್ಕ ಒಂದು ಹಟ ಹಿಡಿದಳು. "ಹೋಗ್ತೀನಿ. ಆದ್ರೆ ಅಪ್ಪನ ಕಾರಲ್ಲೇ ಹೋಗ್ತೀನಿ. ತಮ್ಮನೇ ಬಿಟ್ಟು ಬರಲಿ."

ಗುಡ್ಡದ ದಾರಿ ನಾಲ್ಕು ಗಂಟೆಯದು, ಅರ್ಧ ದಾರಿ ಹಿಮಗಾಳಿ. ಅಪ್ಪನ ಕಾರಿನ ಹೀಟರೋ, ಕಾಯಿಲೆ ಬಿದ್ದ ಮುದುಕ ದೀಪ ಆರಿಸಿದ ಹಾಗೆ ಉಫ್ ಎಂದು ಒಮ್ಮೆ ಊದಿ ಸುಮ್ಮನಾಗುತ್ತಿತ್ತು. "ಒಂದು ಒಳ್ಳೇ ಫ್ಯಾನು ಹಾಕ್ತೀನಿ, ಎರಡು ದಿನದ ಕೆಲಸ" ಎಂದು ಮೀಟರಣ್ಣ ಅಕ್ಕನ ಮಗಳಾದ ಸೊಸೆಗೆ ಫೋನಿನಲ್ಲಿ ಮಾತು ಕೊಟ್ಟ. ಬಿಡಿಭಾಗದ ಅಂಗಡಿಗೆ ನಡೆದೇ ಹೋಗಿ, ಈಗಿನ ಕಾರುಗಳ ಜೋರಿನ ಫ್ಯಾನು ತಂದ. ಪಂಜರದಂಥ ಅಗಲ ಚಕ್ರ, ಒಂದು ಕೆಂಪು ವೈರು, ಒಂದು ಕಪ್ಪು ವೈರು. ಹೀಟರಿನ ಹಳೇ ಪೆಟ್ಟಿಗೆಯ ಬಾಯಿ ಉಜ್ಜಿ ಅಗಲಿಸಿ ಅದನ್ನು ಕೂರಿಸಿದ. ಕೆಂಪನ್ನು ಸ್ವಿಚ್ಚಿನಿಂದ ಬರುವ ತಂತಿಗೆ ಸೇರಿಸಿ, ಕಪ್ಪನ್ನು ಕಾರಿನ ತಗಡಿನ ಮೈಗೆ ಬಿಗಿದ. ಕೆಂಪು ಪ್ಲಸ್ಸು, ಕಪ್ಪು ಮೈನಸ್ಸು, ಮೈಗೆ ಮೈನಸ್ಸು. ಇದೂ ಗೊತ್ತಿಲ್ಲದಿದ್ದರೆ ಮೂವತ್ತೊಂದು ವರ್ಷ ಕಡಿದು ಕಟ್ಟೆ ಹಾಕಿದ್ದೇನು!

ಸ್ವಿಚ್ಚು ಒತ್ತಿದಾಗ ಫ್ಯಾನು ಗರ್ರೆಂದಿತು. ಅಕ್ಕ ಕಿಟಕಿಯಲ್ಲಿ ಕೂತು ಪೆಟ್ಟಿಗೆ ತುಂಬುತ್ತಿದ್ದಳು. ಕೈಯಲ್ಲಿನ ಸೀರೆ ಹಾಗೇ ನಿಂತಿತು, ತಲೆಯೆತ್ತಿ ಒಂದು ಗಳಿಗೆ ಆ ಸದ್ದನ್ನು ಕೇಳಿದಳು. ಆಮೇಲೆ ಸೀರೆಯ ಮಡಿಕೆ ಬಿಚ್ಚಿ ಇನ್ನೊಮ್ಮೆ ಮಡಿಸಿದಳು. ಮೀಟರಣ್ಣ ಗಾಳಿ ನೋಡಲು ಅವಳದೇ ಹೊಲಿಗೆ ಡಬ್ಬಿಯಿಂದ ತಂದ ಕೆಂಪು ನೂಲಿನ ತುಂಡನ್ನು ಗಾಳಿ ಬರುವ ಕಿಂಡಿಗೆ ಕಟ್ಟಿದ್ದ. ನೂಲು ಅಲುಗಿತು, ಅಷ್ಟೇ.

"ಊದೋದನ್ನ ಕೊಟ್ಟು ಬಾರಿಸೋದನ್ನ ತಗೊಂಡ್ಯಲ್ಲೋ!" ಎಂದು ಅಕ್ಕ ಕಿಟಕಿಯಿಂದಲೇ ಕೂಗಿದಳು.

ಅಲ್ಲಿಂದ ಶುರುವಾಯಿತು. ಹೀಟರಿಗೆ ಬಿಸಿನೀರು ತರುವ ಕೊಳವೆ ಕಟ್ಟಿಕೊಂಡಿದೆ ಎಂದು ಬಿಚ್ಚಿ ತೊಳೆದ. ಗಾಳಿಯ ದಾರಿ ಕಿರಿದು ಎಂದು ಸೊಟ್ಟ ಕೊಳವೆ ತೆಗೆದು ನೆಟ್ಟಗಿನದು ಹಾಕಿದ. ಕಿಂಡಿಯ ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಊಟದ ನಡುವೆ ಎದ್ದು ಹೋಗಿ ಸ್ವಿಚ್ಚು ಒತ್ತಿ ಬರುತ್ತಿದ್ದ, ಸ್ನಾನಕ್ಕೆ ನೀರು ಕಾಯಿಸಿ ಮರೆಯುತ್ತಿದ್ದ. ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಅಂಗಳಕ್ಕೂ ಮನೆಗೂ ತಿರುಗಿ ತಿರುಗಿ ಹೊಸಿಲು ಸವೆಸಿದ. ಅವನ ಸಂಕಟ ನಿಜವಾಗಿ ಫ್ಯಾನಿನದಲ್ಲ. ಫ್ಯಾನು ಸರಿಯಾದರೆ ಅಕ್ಕ ಹೋಗುತ್ತಾಳೆ. ಸರಿಯಾಗದಿದ್ದರೂ ಹೋಗುತ್ತಾಳೆ, ಮಗಳ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು. ಆಗ ಅವನ ಪಾಲಿಗಿದ್ದ ಆ ನಾಲ್ಕು ಗಂಟೆಯೂ ಇಲ್ಲ. ಅವನಿಗೆ ಆ ನಾಲ್ಕು ಗಂಟೆ ಬೇಕಿತ್ತು. ಅಕ್ಕ ಪಕ್ಕದಲ್ಲಿ ಕೂತು, ನಿಧಾನಕ್ಕೆ ಓಡಿಸು ಮಾರಾಯ ಎಂದು ತಿರುವು ತಿರುವಿಗೂ ಬೈಯುವುದು ಬೇಕಿತ್ತು.

ಅಕ್ಕನೂ ಈಚೆಗೆ ಮರೆವಿಗೆ ಬಿದ್ದ ಹಾಗಿತ್ತು. ತುಂಬಿ ಬೀಗ ಹಾಕಿದ ಪೆಟ್ಟಿಗೆಯಿಂದ ದಿನಕ್ಕೊಂದು ಸಾಮಾನು ಹೊರಗೆ ಬರುತ್ತಿತ್ತು. ಇವತ್ತು ಕತ್ತರಿ, ನಾಳೆ ಕನ್ನಡಕದ ಡಬ್ಬಿ, ನಾಡಿದ್ದು ಹೊದಿಕೆ. ವಯಸ್ಸಾಯಿತಲ್ಲ ಎಂದುಕೊಂಡ ತಮ್ಮ.

ಆ ಶನಿವಾರ ಬೆಳಿಗ್ಗೆ ಸೊಸೆಯ ಫೋನು ಬಂತು. "ಮಾಮ, ನೀವು ಬೇಜಾರು ಮಾಡ್ಕೋಬೇಡಿ. ಎರಡು ದಿನ ಅಂದ್ರಿ, ಮೂರು ವಾರ ಆಯ್ತು. ಅಮ್ಮನ ಬೆರಳು ಹಾಳಾದ್ರೆ ಯಾರು ಹೊಣೆ? ನಾಳೆ ಬೆಳಿಗ್ಗೆ ಹೊರಡೋ ಹಾಗಿದ್ರೆ ಇವತ್ತು ಸಂಜೆಯೊಳಗೆ ಹೇಳಿ. ಇಲ್ಲಾಂದ್ರೆ ನಾನೇ ನನ್ನ ಗಾಡಿ ತಗೊಂಡು ಬರ್ತೀನಿ."

ಹುಡುಗಿ ಹೇಳಿದ್ದರಲ್ಲಿ ತಪ್ಪು ಹುಡುಕೋಣವೆಂದರೆ ಒಂದೂ ಸಿಗಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು.

ಈಗ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮಲಗಿದವನಿಗೆ ಒಂದೇ ದಾರಿ ಕಂಡಿತು. ಕಿಂಡಿ ಸಾಲದು, ಡ್ಯಾಶ್‌ಬೋರ್ಡನ್ನೇ ಕೊಯ್ದು ದೊಡ್ಡ ಕಿಂಡಿ ಮಾಡಬೇಕು. ಅಪ್ಪ ವರ್ಷಕ್ಕೊಮ್ಮೆ ಎಣ್ಣೆ ತಿಕ್ಕಿ ಹೊಳೆಯಿಸುತ್ತಿದ್ದ ಮರದ ಹಲಗೆ ಅದು. ಮೀಟರಣ್ಣ ಎದ್ದು ಕೂತ, ಪೆನ್ಸಿಲಿನಿಂದ ಗೆರೆ ಎಳೆದ, ಗರಗಸ ತೆಗೆದುಕೊಂಡ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಗರಗಸ ಎರಡು ಸಲ ಎಳೆದಿರಬೇಕು. "ನಿಲ್ಸೋ!" ಎಂಬ ಕೂಗು ಕೇಳಿಸಿತು. ಅಕ್ಕ ಬರಿಗಾಲಲ್ಲಿ, ಬರಿಗೈಯಲ್ಲಿ ಅಂಗಳ ದಾಟಿ ಓಡಿ ಬರುತ್ತಿದ್ದಳು. ಅರವತ್ತೈದರ ಹೆಂಗಸು ಹಾಗೆ ಓಡಿದ್ದನ್ನು ಅವನು ನೋಡಿಯೇ ಇರಲಿಲ್ಲ. ಬಂದವಳೇ ಗರಗಸದ ಅಲಗಿಗೇ ಕೈ ಹಾಕಿದಳು.

"ಅಪ್ಪನ ಹಲಗೆ ಕೊಯ್ತೀಯೇನೋ? ಬುದ್ಧಿ ಎಲ್ಲಿ ಮೇಯೋಕೆ ಹೋಗಿದೆ?"

"ಕೈಗವಸು ಎಲ್ಲಿ ಅಕ್ಕ? ಒಳಗೆ ನಡಿ ಮೊದಲು."

"ಕೈಗವಸು ಹಾಳಾಗ್ಲಿ. ಟಾರ್ಚ್ ಕೊಡಿಲ್ಲಿ."

ಅವನು ಕೊಟ್ಟ. ಅವಳು ಪಕ್ಕದ ಸೀಟಿನಲ್ಲಿ ಕೂತು, ಎರಡೂ ಕೈಯಲ್ಲಿ ಟಾರ್ಚನ್ನು ಅವುಚಿ ಹಿಡಿದು, ಫ್ಯಾನಿನ ಬುಡಕ್ಕೆ ಬೆಳಕು ಬಿಟ್ಟಳು. ಚಿಕ್ಕಂದಿನಲ್ಲಿ ಅಪ್ಪ ಈ ಕಾರಿನ ರಿಪೇರಿಗೆ ಕೂತಾಗಲೆಲ್ಲ ದೀಪ ಹಿಡಿಯುತ್ತಿದ್ದವಳು ಇವಳೇ. ತಮ್ಮನ ಕೈಯಲ್ಲಿ ದೀಪ ಕುಣಿಯುತ್ತದೆಂದು ಅಪ್ಪ ಅವನನ್ನು ಆಟಕ್ಕೆ ಓಡಿಸುತ್ತಿದ್ದ. ಹಾಗಾಗಿ ಈ ಕಾರಿನ ಹೊಟ್ಟೆಯೊಳಗಿನ ಮಾತುಗಳೆಲ್ಲ ಅಕ್ಕನ ಪಾಲಿಗೆ, ಬೀದಿಯ ಗೋಲಿಯೆಲ್ಲ ತಮ್ಮನ ಪಾಲಿಗೆ ಬಂದಿದ್ದವು.

"ಕಪ್ಪು ವೈರು ಎಲ್ಲಿಗೆ ಹಾಕಿದೀಯ?"

"ಮೈಗೆ. ಮೈನಸ್ಸು ಮೈಗಲ್ವಾ?"

"ಈಗಿನ ಗಾಡಿಗೆ. ಇದು ಹಳೇ ಕಾಲದ್ದು ಕಣೋ, ಇದರಲ್ಲಿ ಎಲ್ಲಾ ಉಲ್ಟಾ. ಬ್ಯಾಟರಿಯ ಪ್ಲಸ್ಸನ್ನ ಮೈಗೆ ಕಟ್ಟಿದಾರೆ. ಇದರ ಮೈಯೇ ಪ್ಲಸ್ಸು. ಅಪ್ಪ ನೂರು ಸಲ ಹೇಳೋರು. ನಿನ್ನ ಫ್ಯಾನು ಹಿಂದು ಹಿಂದಕ್ಕೆ ತಿರುಗ್ತಾ ಇದೆ. ಬೀಸೋದು ಬಿಟ್ಟು ಬರೀ ಬಡ್ಕೊಳ್ತಾ ಇದೆ. ವೈರು ಅದಲುಬದಲು ಮಾಡು."

ಮೀಟರಣ್ಣ ಬಾನೆಟ್ಟು ಎತ್ತಿ ನೋಡಿದ. ಬ್ಯಾಟರಿಯ ಎರಡೂ ಕೇಬಲ್ಲು ಮಸಿ ಹಿಡಿದು ಒಂದೇ ಬಣ್ಣವಾಗಿದ್ದವು. ಹೆಬ್ಬೆರಳಿನಿಂದ ಒರೆಸಿದ. ತಗಡಿಗೆ ಬಿಗಿದ ಕೇಬಲ್ಲಿನ ಬುಡದಲ್ಲಿ ಪ್ಲಸ್ ಗುರುತು ಇತ್ತು. ಮೂವತ್ತೊಂದು ವರ್ಷದ ಸರ್ವಿಸ್ಸೆಲ್ಲ ಒಂದೇ ಏಟಿಗೆ ನೆಲಕ್ಕಿಳಿಯಿತು. ಬ್ಯಾಟರಿಯ ಕೇಬಲ್ಲು ಕಳಚಿದ. ಮತ್ತೆ ಅಂಗಾತ ಮಲಗಿ, ಅಕ್ಕ ಹಿಡಿದ ಬೆಳಕಿನಲ್ಲಿ ಕೆಂಪು ವೈರನ್ನು ಮೈಗೆ, ಕಪ್ಪನ್ನು ಸ್ವಿಚ್ಚಿನ ತಂತಿಗೆ ಬದಲಾಯಿಸಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಕೇಬಲ್ಲು ಸೇರಿಸಿ ಎಂಜಿನ್ನು ಚಾಲೂ ಮಾಡಿ, ನೀರು ಬಿಸಿಯಾಗಲಿ ಎಂದು ಬಾಗಿಲು ಹಾಕಿಕೊಂಡು ಇಬ್ಬರೂ ಕಾದರು. ಆಮೇಲೆ ಅವನು ಸ್ವಿಚ್ಚು ಒತ್ತಿದ.

ಸದ್ದು ಮೊದಲಿನ ಅರ್ಧದಷ್ಟೂ ಇರಲಿಲ್ಲ. ಕೆಂಪು ನೂಲು ಎದ್ದು ನೆಟ್ಟಗೆ ನಿಂತಿತು. ಬಿಸಿಗಾಳಿ ಮುಖಕ್ಕೆ, ಎದೆಗೆ, ಕಾಲಿಗೆ ಬೀಸಿತು, ಗಾಜಿನ ಮೇಲಿನ ಮಂಜು ಕರಗತೊಡಗಿತು. ಅಕ್ಕ ಎರಡೂ ಕೈ ಕಿಂಡಿಗೆ ಒಡ್ಡಿದಳು. ಅಂಗಳ ದಾಟಿ ಬಂದಷ್ಟಕ್ಕೇ ಬೆರಳು ಬೆಳ್ಳಗಾಗಿ ಬಿರುಸಾಗಿದ್ದವು. ತುದಿಯ ಹುಣ್ಣಿನ ಪಟ್ಟಿ ಬಿಚ್ಚಿಕೊಂಡಿತ್ತು.

ಮೀಟರಣ್ಣನಿಗೆ ಆಗ ಒಂದು ಮಾತು ತಲೆಗೆ ಹೊಕ್ಕಿತು. "ಅಕ್ಕ, ಫ್ಯಾನು ಹಿಂದಕ್ಕೆ ತಿರುಗ್ತಿದೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

ಅಕ್ಕ ಕೈ ಮಗುಚಿ ಹಿಂಬದಿಗೆ ಗಾಳಿ ಹಿಡಿದಳು. "ಮೊದಲ ದಿನವೇ. ಸದ್ದು ಕೇಳಿದ ಕೂಡಲೇ."

"ಮೊದಲ ದಿನವೇ? ಮೂರು ವಾರ ನಾನು ಹುಚ್ಚನ ಥರ ಬಿಚ್ಚಿ ಕಟ್ಟಿ ಮಾಡಿದೆನಲ್ಲ, ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ಹೇಳಿದ್ರೆ ಮಾರನೇ ದಿನವೇ ಹೊರಡಬೇಕಿತ್ತಲ್ಲೋ."

ಅಷ್ಟು ಹೇಳಿ ಅವಳು ಎದುರಿನ ಗಾಜನ್ನೇ ನೋಡುತ್ತ ಕೂತಳು. ಪೆಟ್ಟಿಗೆಯಿಂದ ಹೊರಬಂದ ಕತ್ತರಿ, ಡಬ್ಬಿ, ಹೊದಿಕೆ ಎಲ್ಲ ಈಗ ಅವನಿಗೆ ಅರ್ಥವಾದವು. ಹೋಗಬೇಡ ಎನ್ನುವ ಮಾತು ನಾಲಿಗೆ ತುದಿಗೆ ಬಂದೇ ಬಂತು. ಹೇಳಿದರೆ ಅವಳು ಉಳಿದಾಳು ಎಂದೂ ಅವನಿಗೆ ಗೊತ್ತಿತ್ತು. ಭಯವಾದದ್ದು ಅದಕ್ಕೇ.

"ವೈರು ಮತ್ತೆ ತಿರುಗಿಸಿ ಬಿಡೋಣ್ವಾ?" ಅಕ್ಕ ನಗುತ್ತಲೇ ಕೇಳಿದಳು. ಕಣ್ಣು ನಗಲಿಲ್ಲ.

ಅವನು ಅವಳ ಕೈ ನೋಡಿದ. ಬಿಳಿ ಬೆರಳು ಮೊದಲು ನೀಲಿಯಾದವು, ಆಮೇಲೆ ಬುಡದಿಂದ ಒಂದೊಂದೇ ಗೆಣ್ಣು ಕೆಂಪಾಗುತ್ತ ಬಂತು. ತುದಿಯವರೆಗೂ ಕೆಂಪು ಏರುವ ತನಕ ಅವನು ಅಲುಗಾಡದೆ ನೋಡಿದ. ಅಷ್ಟು ಹೊತ್ತು ಅವನು ಸುಮ್ಮನೆ ಕೂತದ್ದು ಜನ್ಮದಲ್ಲಿ ಅದೇ ಮೊದಲಿರಬೇಕು. ಆಮೇಲೆ ಜೇಬಿನಿಂದ ಫೋನು ತೆಗೆದು ಸೊಸೆಗೆ ಮಾಡಿದ.

"ಕಾರು ರೆಡಿ ಕಣಮ್ಮ. ನೀನು ಬರೋದು ಬೇಡ. ನಾಳೆ ಬೆಳಿಗ್ಗೆ ಎಂಟಕ್ಕೆ ನಾವೇ ಹೊರಡ್ತೀವಿ."

ಫೋನು ಜೇಬಿಗಿಟ್ಟ. ಫ್ಯಾನು ಹದವಾಗಿ ಬೀಸುತ್ತಿತ್ತು.

"ಎಂಟೂವರೆ ಆಗ್ಲಿ ಬಿಡೋ" ಎಂದಳು ಅಕ್ಕ.

"ಒಂಬತ್ತಾಗ್ಲಿ" ಎಂದ ಅವನು.